ರೊಚ್ಚಿನ ಇದ್ದಿಲು

ಕೊಪ್ಪಳ ಜಿಲ್ಲೆಯ ನವಲಿಯ ಸುತ್ತಣ ಸೀಮೆ ಭತ್ತದ ನಾಡು. ಗಂಗಾವತಿಯ ಗಿರಣಿಗಳಲ್ಲಿ ಭತ್ತವು ಅಕ್ಕಿಯಾದ ಮೇಲೆ ಉಳಿಯುವ ಉಮಿಯೂ ವ್ಯರ್ಥವಲ್ಲ, ಅದು ಉರುವಲಾಗುತ್ತದೆ. ಉಮಿಯ ಕರಿಯಿಂದ ಹಲ್ಲುಜ್ಜಿ, ಮರಳು-ಇದ್ದಿಲು ತುಂಬಿದ ಗಡಿಗೆಯಲ್ಲಿ ನೀರು ಸೋಸಿ ಕುಡಿದ ಹಿರಿಯರು ಇದ್ದಿಲಿನ ಗುಣವನ್ನು ಬಲ್ಲವರೇ ಆಗಿದ್ದರು. ಆದರೆ ಹಳ್ಳಿಯ ಶೌಚಗುಂಡಿಯ ತಳದಲ್ಲಿಯೂ ಪಟ್ಟಣದ ಚರಂಡಿ ನೀರನ್ನು ಶುದ್ಧಿಗೊಳಿಸುವ ತೊಟ್ಟಿಗಳಲ್ಲಿಯೂ ಉಳಿಯುವ ಕಪ್ಪು ರೊಚ್ಚಿನಿಂದ ಇದ್ದಿಲು ಮಾಡಬಹುದೆಂದರೆ ಮೂಗು ಮುರಿಯದವರು ವಿರಳ.

ಇದ್ದಿಲಿನ ಶಕ್ತಿಯೆಲ್ಲವೂ ಅದರ ಸೂಕ್ಷ್ಮ ರಂಧ್ರಗಳಲ್ಲಿದೆ. ಹದಗೊಳಿಸಿದ ಒಂದು ಗ್ರಾಂ ತೆಂಗಿನ ಕರಟದ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ಅದು ಸುಮಾರು 1,000 ಚದರ ಮೀಟರು ವ್ಯಾಪಿಸುತ್ತದೆ. ಹಾದುಹೋಗುವ ಗಾಳಿಯಲ್ಲಿನ ಅನಿಲಕಣಗಳು ಈ ಒಳಗೋಡೆಗಳಿಗೆ ಅಂಟಿಕೊಳ್ಳುತ್ತವೆ. ರೊಚ್ಚನ್ನು ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ 950 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ದೊರೆಯುವ ಇದ್ದಿಲಿಗೆ ಇಷ್ಟು ವಿಸ್ತಾರವಾದ ಒಳಮೈ ಇರುವುದಿಲ್ಲ. ಆದರೂ 2001ರ ಸುಮಾರಿಗೆ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ನಡೆದ ಪ್ರಯೋಗಗಳಲ್ಲಿ, ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಹಿಡಿಯುವುದರಲ್ಲಿ ಅದು ಕರಟದ ಇದ್ದಿಲಿಗೆ ಸರಿಸಾಟಿಯಾಗಿ ನಿಂತಿತು. ರೊಚ್ಚಿನಲ್ಲಿ ಅಡಗಿದ್ದ ಕಬ್ಬಿಣ, ಸುಣ್ಣದ ಅಂಶಗಳೇ ಇದಕ್ಕೆ ಕಾರಣ. ತೇವದ ಸಹಾಯದಿಂದ ಅವು ಆ ಅನಿಲವನ್ನು ಗಂಧಕವಾಗಿ ಮಾರ್ಪಡಿಸಿ ರಂಧ್ರಗಳಲ್ಲಿ ಕೂಡಿಡುತ್ತವೆ.

ಈ ಅನಿಲವು ಕೇವಲ ದುರ್ವಾಸನೆಯಲ್ಲ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಅಡಗಿತು, ಅಪಾಯ ಕಳೆಯಿತು ಎಂದು ಭಾವಿಸಿ ಆಳುಗುಂಡಿಗೆ ಇಳಿದವನು ಮತ್ತೆ ಮೇಲೆ ಬಾರದಿರಬಹುದು. ತಲೆಯ ಮೇಲೆ ಮಲ ಹೊರುವ ಅನಿಷ್ಟವನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗಿಳಿಸುವುದು 2013ರ ಕೇಂದ್ರ ಶಾಸನದ ಪ್ರಕಾರ ಅಪರಾಧ. ಆದರೂ ಸಾವುಗಳು ನಿಂತಿಲ್ಲ. ಇದ್ದಿಲು ಈ ಪಾಪಕ್ಕೆ ಪರಿಹಾರವಲ್ಲ. ಚರಂಡಿಯ ಪಂಪುಮನೆಯಿಂದ ಹೊರಬೀಳುವ ಗಾಳಿಯನ್ನು ಅದು ಶುದ್ಧಿಗೊಳಿಸಬಲ್ಲದು. ಗುಂಡಿಗಿಳಿದವನ ಪ್ರಾಣ ಕಾಯಲಾರದು. ಆ ಕೆಲಸಕ್ಕೆ ಯಂತ್ರಗಳಿವೆ.

ರೊಚ್ಚಿಗೆ ಬೇರೆ ದಾರಿಯೂ ಇದೆ. ಬೆಂಗಳೂರಿನ ಸಮೀಪದ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕವು ಶೌಚಗುಂಡಿಗಳ ರೊಚ್ಚನ್ನು ಒಣಗಿಸಿ ಗೊಬ್ಬರದ ದಾರಿ ಹಿಡಿಯಿತು. ಕಾರ್ಖಾನೆಗಳ ಸೀಸ, ಕ್ರೋಮಿಯಂ ಬೆರೆತ ನಗರದ ರೊಚ್ಚು ಹೊಲಕ್ಕೆ ಹಿತವಲ್ಲ. ಇದ್ದಿಲಿನ ವಿಚಾರ ಬರುವುದು ಅಲ್ಲಿ. ಆದರೆ ಕಾಯಿಸಿದ ಮಾತ್ರಕ್ಕೆ ಆ ಲೋಹಗಳು ಮಾಯವಾಗುವುದಿಲ್ಲ. ಗಂಧಕ ತುಂಬಿ ಸೋತ ಇದ್ದಿಲನ್ನು ಎಲ್ಲಿಗೆ ಹಾಕಬೇಕೆಂಬುದನ್ನು ಮೊದಲೇ ಯೋಚಿಸಬೇಕು.

ನವಲಿಯ ಉಮಿಗೆ ಬೆಲೆ ಕಟ್ಟಿದ ಜಾಣ್ಮೆಯೇ ರೊಚ್ಚಿಗೂ ಬೆಲೆ ಕಟ್ಟೀತು. ಆ ಲೆಕ್ಕದಲ್ಲಿ ಅದನ್ನು ಎತ್ತುವವನ ಉಸಿರಿಗೆ ಮೊದಲ ಸ್ಥಾನವಿರಬೇಕು.