ಕಿಟ್ ಕೋವಿ ಅಂದ್ರೆ ಅಷ್ಟು ಸಸಾರಾನಾ?

“ಓ... ಕಿಟ್ಟಾ?” ಅಂತ ಮೂಗು ಮುರಿಯೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ.

ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ ಹತ್ತಿಕೊಂಡ ಹುಚ್ಚು ಇದು. ಮೂತಿಯಿಂದ ಮದ್ದುಗುಂಡು ತುಂಬುವ ಹಳೇ ಕಾಲದ ರೈಫಲಿನ ಕಿಟ್ ತಂದು, ಕೈಯಾರೆ ಮಾಡಿ ಮುಗಿಸೋದು. ತೇಜಸ್ವಿ ಓದಿದವರಿಗೆ ಕೇಪಿನ ಕೋವಿ ಗೊತ್ತಲ್ಲ, ಅದರ ದೊಡ್ಡಪ್ಪ ಅಂದ್ಕೊಳ್ಳಿ. ಕೇಪಿನ ಬದಲು ಚಕಮಕಿ ಕಲ್ಲು. ಎಂಟು ಪಟ್ಟಿಯ ಉದ್ದನೆಯ ನಳಿಗೆ, ಅದರೊಳಗೆ ತಿರುಪಿನ ಗೀರು, ಮೂತಿಯವರೆಗೂ ಚಾಚಿದ ಮೇಪಲ್ ಮರದ ಮೈ. 18ನೇ ಶತಮಾನದಲ್ಲಿ ಇಲ್ಲಿನ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ್ದ ಜರ್ಮನ್ ಮೂಲದ ಕುಶಲಕರ್ಮಿಗಳ ಕೈಯಲ್ಲಿ ಬೆಳೆದ ಕೋವಿ ಇದು.

ಈ ಹವ್ಯಾಸದ ಕೆಲವು ‘ಶುದ್ಧ’ರ ವಾದ ಹೀಗಿದೆ: ಲಾಕು ರೆಡಿ ಬರುತ್ತೆ, ನಳಿಗೆ ರೆಡಿ ಬರುತ್ತೆ, ಮರವನ್ನ ಸಿಎನ್‌ಸಿ ಮಷೀನು ಕೊರೆದು ಕೊಟ್ಟಿರುತ್ತೆ. ಇನ್ನು ನೀನು ಮಾಡೋದೇನು? ಹಲಗೆಯಿಂದ ಶುರು ಮಾಡಿದರೆ ಮಾತ್ರ ಅದು ಕೋವಿ ಮಾಡಿದ ಹಾಗೆ, ಉಳಿದದ್ದೆಲ್ಲ ಮಕ್ಕಳ ಆಟ.

ಸ್ವಾಮಿ, ನೀವು ಪೂಜೆ ಮಾಡೋ ಆ ಹಳೇ ಕಸುಬಿನವರು ಏನು ಮಾಡ್ತಿದ್ರು ಅಂತ ಸ್ವಲ್ಪ ನೋಡಿ. ಲಾಕನ್ನ ಬಹುಪಾಲು ಜನ ಕೊಂಡು ತರ್ತಿದ್ರು! ಇಂಗ್ಲೆಂಡಿಂದ, ಜರ್ಮನಿಯಿಂದ ಹಡಗಲ್ಲಿ ಬರ್ತಿತ್ತು. ಆ ಕಾಲದ ಎಷ್ಟೋ ಅಮೆರಿಕನ್ ರೈಫಲುಗಳ ಲಾಕಿನ ಮೇಲೆ ಬರ್ಮಿಂಗ್‌ಹ್ಯಾಮಿನ ಕೆಟ್‌ಲ್ಯಾಂಡ್ ಹೆಸರು ಇವತ್ತಿಗೂ ಕಾಣುತ್ತೆ. ಸ್ಪ್ರಿಂಗು ಹದ ಮಾಡೋದು, ಒಳಗಿನ ಸಣ್ಣ ಸಣ್ಣ ಭಾಗಗಳನ್ನ ಗಟ್ಟಿ ಮಾಡೋದು ಸಮಯ ತಿನ್ನೋ ಕೆಲಸ. ಕೊಳ್ಳೋದೇ ಲಾಭ ಅಂತ ಅವರಿಗೆ ಗೊತ್ತಿತ್ತು. ನಳಿಗೆ ಕೂಡ ಎಷ್ಟೋ ಸಲ ನೀರಿನ ಚಕ್ರದಿಂದ ನಡೆಯುವ ಕೊರೆಯುವ ಗಿರಣಿಗಳಿಂದ ಬರ್ತಿತ್ತು. ಅಂದ್ರೆ ಅವರೂ ಒಂದು ಲೆಕ್ಕದಲ್ಲಿ ಕಿಟ್ ಗಿರಾಕಿಗಳೇ :)

ಒಬ್ಬನೇ ಮನುಷ್ಯ ಕಬ್ಬಿಣದ ಪಟ್ಟಿಯಿಂದ ಹಿಡಿದು ಕೊನೆಯ ಸ್ಕ್ರೂವರೆಗೆ ಎಲ್ಲವನ್ನೂ ಮಾಡೋದನ್ನ ನೋಡ್ಬೇಕಾ? ವಾಲೆಸ್ ಗಸ್ಲರ್ ಕೊಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಮಾಡಿ ತೋರಿಸಿದ್ದಾರೆ. 1969ರ ‘ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’ ಅನ್ನೋ ಸಾಕ್ಷ್ಯಚಿತ್ರ ಅದರ ಬಗ್ಗೆಯೇ. ಅದ್ಭುತ ಸಾಧನೆ, ಎರಡು ಮಾತಿಲ್ಲ. ಆದ್ರೆ ಅದನ್ನೇ ಕನಿಷ್ಠ ಅರ್ಹತೆ ಅಂತ ಹೊಸಬರ ಮುಂದೆ ಇಟ್ರೆ ಹೇಗೆ? ನಾವ್ಯಾರೂ ಸ್ವಂತ ಕಂಪೈಲರ್ ಬರೆದುಕೊಂಡು ಕೋಡ್ ಬರೆಯೋಕೆ ಕೂತವರಲ್ಲ.

ಮಷೀನು ಯಾವ ಕಷ್ಟ ತಪ್ಪಿಸುತ್ತೆ ಅನ್ನೋದನ್ನೂ ಹೇಳಿಬಿಡ್ತೀನಿ. ಆ ನಳಿಗೆ ನೇರ ಅಲ್ಲ. ಹಿಂದೆ ದಪ್ಪ, ನಡುವೆ ಸಣ್ಣ, ಮೂತಿಯಲ್ಲಿ ಮತ್ತೆ ಒಂಚೂರು ದಪ್ಪ. ಅದು ಕೂರುವ ಹಾಗೆ ಉಳಿಯಲ್ಲಿ ಮರ ಕೊರೆಯೋದು ತುಂಬಾ ತಾಳ್ಮೆ ಬೇಡುವ ಕೆಲಸ. ಓಹಾಯೊದ ಜಿಮ್ ಕಿಬ್ಲರ್ ಅವರ ಕಿಟ್ಟುಗಳಲ್ಲಿ ಅದು ಕರಾರುವಾಕ್ಕಾಗಿ ಆಗಿ ಬರುತ್ತೆ. ಒಪ್ಪಿದೆ. ಆದ್ರೆ ಆಮೇಲೆ ಉಳಿಯೋದು ಕಣ್ಣಿನ ಕೆಲಸ, ಅದನ್ನ ಯಾವ ಮಷೀನೂ ಮಾಡಿಕೊಡಲ್ಲ.

ಉದಾಹರಣೆಗೆ ಅಂಚುಗಳು. ಸ್ಯಾಂಡ್‌ಪೇಪರ್ ಹಿಡಿದು ಬರಿಗೈಲಿ ಉಜ್ಜಿದ್ರೋ, ಚೂಪಾಗಿರಬೇಕಾದ ಗೆರೆಗಳೆಲ್ಲ ಸೋಪಿನ ತುಂಡಿನ ಹಾಗೆ ಸವೆದು ಹೋಗ್ತವೆ. ಹಿಂದೆ ಮರದ ತುಂಡೋ ಬೆಂಡೋ ಇಟ್ಟುಕೊಂಡೇ ಉಜ್ಜಬೇಕು, ಇಲ್ಲಾ ಹಳಬರ ಹಾಗೆ ಸ್ಕ್ರೇಪರಿನಲ್ಲಿ ಹೆರೆಯಬೇಕು. ಆಮೇಲೆ ಬಣ್ಣ. ಕಬ್ಬಿಣ ಕರಗಿಸಿದ ನೈಟ್ರಿಕ್ ಆಸಿಡ್ಡನ್ನ ಮೇಪಲ್ಲಿಗೆ ಬಳಿದರೆ ಮೊದಲು ಹಸಿರು ಮಿಶ್ರಿತ ಕೊಳಕು ಬಣ್ಣ ಬರುತ್ತೆ, ಎಲ್ಲಾ ಕೆಟ್ಟೇ ಹೋಯ್ತು ಅನ್ಸುತ್ತೆ. ಬಿಸಿಗಾಳಿ ಹಿಡಿಯಿರಿ, ಮರದೊಳಗಿನ ಹುಲಿಪಟ್ಟೆ ಕೆಂಪುಗಂದು ಬಣ್ಣದಲ್ಲಿ ಎದ್ದು ಬರುತ್ತೆ! ಮೇಲೆ ಅಗಸೆ ಎಣ್ಣೆ, ತೆಳ್ಳಗೆ. ನಳಿಗೆಗೆ ತುಕ್ಕೇ ಬಣ್ಣ. ಜಿಡ್ಡು ತೆಗೆದು, ದ್ರಾವಣ ಸವರಿ, ತೇವ ಇರೋ ಕಡೆ ಇಟ್ಟು, ಎದ್ದ ತುಕ್ಕನ್ನ ಒರಟು ಬಟ್ಟೆಯಲ್ಲಿ ಒರೆಸಿ ಮತ್ತೆ ಸವರಬೇಕು. ಹೀಗೇ ಕೆಲವು ದಿನ, ಆಮೇಲೆ ಅಡುಗೆ ಸೋಡಾದಿಂದ ಅದನ್ನ ನಿಲ್ಲಿಸಬೇಕು. (ಮಂಗಳೂರಿನ ಮಳೆಗಾಲದಲ್ಲಾದ್ರೆ ದ್ರಾವಣಾನೂ ಬೇಡವೇನೋ.)

ಇನ್ನು ಎದುರು ಪಂಗಡದವರ ಕತೆ. ವಾರಾಂತ್ಯದಲ್ಲಿ ಸ್ಕ್ರೂ ಬಿಗಿದು, ಪಾಲಿಯುರೆಥೇನ್ ಸುರಿದು, ಕನ್ನಡಿ ಹಾಗೆ ಹೊಳೆಯೋ ಕೋವಿಯನ್ನ ಗೋಡೆಗೆ ನೇತು ಹಾಕೋರು. 1970ರ ದಶಕದಲ್ಲಿ ಥಾಂಪ್ಸನ್ ಸೆಂಟರಿನ ಹಾಕೆನ್ ಕಿಟ್ಟುಗಳು ಜನರನ್ನ ಈ ಹವ್ಯಾಸಕ್ಕೆ ಎಳೆದು ತಂದವು, ಅದು ಒಳ್ಳೇದೇ ಆಯ್ತು. ಆದ್ರೆ ‘ಕಿಟ್ಟು ಅಂದ್ರೆ ಅವಸರದ್ದು’ ಅನ್ನೋ ಹೆಸರು ಇಂಥವರಿಂದಲೇ ಬಂದದ್ದು. ತಪ್ಪು ಕಿಟ್ಟಿಂದಲ್ಲ, ಅವಸರದ್ದು.

ನಮ್ಮ ಇಂಜಿನಿಯರ್ ಗೆಳೆಯರಿಗೂ ಒಂದು ಮಾತು. ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬಿನಲ್ಲಿ ಅರ ಹಿಡಿದು ಡವ್‌ಟೇಲ್ ಜೋಡಿ ಉಜ್ಜಿದ್ದು ನೆನಪಿದೆಯಾ? ‘ಸಾಫ್ಟ್‌ವೇರಿಗೆ ಹೋಗೋರಿಗೆ ಇದೆಲ್ಲ ಯಾಕೆ’ ಅಂತ ನಾವೆಲ್ಲ ಗೊಣಗಿದ್ದೇ ಗೊಣಗಿದ್ದು. ಈ ರೈಫಲಿನ ನಳಿಗೆಯ ಮೇಲೆ ಗುರಿಕಣ್ಣು ಕೂರೋದು ಅದೇ ಡವ್‌ಟೇಲಿನಲ್ಲಿ. ಅರದ ಎರಡು ಎಳೆತ ಹೆಚ್ಚಾದರೆ ಸಡಿಲ, ಕಡಿಮೆಯಾದರೆ ಒಳಗೇ ಹೋಗಲ್ಲ. ಇಲ್ಲಿ ಅಂಡೂ ಬಟನ್ ಇಲ್ಲ. ಇದನ್ನ ‘ಬರೀ ಜೋಡಿಸೋದು’ ಅನ್ನೋರು ಒಂದನ್ನ ಉಜ್ಜಿ ಕೂರಿಸಿ ತೋರಿಸಲಿ.

ಊರಿಗೆ ಬರುವಾಗ ಒಂದು ಕಿಟ್ ತಾ ಅನ್ನೋರಿಗೆ: ಆಗಲ್ಲ ಮಾರಾಯ್ರೆ. ಅಮೆರಿಕದ 1968ರ ಫೆಡರಲ್ ಕಾನೂನಿನಲ್ಲಿ ಇಂಥ ಕೋವಿ ಸಾಮಾನ್ಯವಾಗಿ ‘ಆಂಟೀಕ್’ ಲೆಕ್ಕ, ರಾಜ್ಯಗಳ ನಿಯಮ ಮಾತ್ರ ಬೇರೆ ಬೇರೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕು, ಮಾಡೋಕೂ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ವಿನಾಯಿತಿ ಕೂಡ ಇಟ್ಟುಕೊಳ್ಳೋಕೆ, ಒಯ್ಯೋಕೆ, ತಯಾರಿಸೋಕಲ್ಲ.