ದಪ್ಪಗಿದ್ರೆ ಬುಲೆಟ್ಟೇ ಯಾಕ್ರೀ?

"ನಿನ್ನ ಪರ್ಸನಾಲಿಟಿಗೆ ಬುಲೆಟ್ಟೇ ಸರಿ ಮಾರಾಯ."

ಈ ಮಾತನ್ನ ಇನ್ನೊಬ್ಬರು ಹೇಳಿದ್ರೆ ಕಚ್ಚಿಬಿಡ್ತೀನಿ. ನನ್ನ ತೂಕ 108 ಕೆಜಿ, ಎತ್ತರ ಆರಡಿ. ಇಪ್ಪತ್ತೆಂಟಾದ್ರೂ ಬೈಕ್ ಕಲಿತಿರ್ಲಿಲ್ಲ. ಬೆಂಗಳೂರಲ್ಲಿ ಆಫೀಸ್ ಕ್ಯಾಬು, ಊರಲ್ಲಿ ಅಪ್ಪನ ಜೀಪು. ವರ್ಕ್ ಫ್ರಮ್ ಹೋಮ್ ಅಂತ ಅಮ್ಮತ್ತಿಗೆ ಬಂದು ಕೂತ ಮೇಲೆ ಒಂದು ಬೈಕ್ ತಗೊಳ್ಳೋಣ ಅನ್ನಿಸ್ತು ನೋಡಿ, ಮಾವನಿಂದ ಹಿಡಿದು ಶೋರೂಮಿನ ಹುಡುಗನವರೆಗೆ ಎಲ್ರದ್ದೂ ಒಂದೇ ರಾಗ.

ಇದರಲ್ಲಿ ಲಾಜಿಕ್ ಏನು ಸ್ವಾಮಿ? ಕ್ಲಾಸಿಕ್ 350 ತೂಕ 195 ಕೆಜಿ. ಸ್ಪ್ಲೆಂಡರ್ ಸುಮಾರು 112. ಹೊಸಬ ಗಾಡಿ ಬೀಳಿಸೋದು ಎಂಬತ್ತರ ಸ್ಪೀಡಲ್ಲಿ ಅಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಇಳಿಜಾರಲ್ಲಿ ಹಿಂದಕ್ಕೆ ತಳ್ಳುವಾಗ. ಅಲ್ಲಿ ಲೆಕ್ಕಕ್ಕೆ ಬರೋದು ಗಾಡಿಯ ತೂಕ. ನನ್ನ ಕಾಲಿಗೆ ನನ್ನನ್ನ ಹೊತ್ತು ಅಭ್ಯಾಸ ಇದೆ, ವಾಲಿದ 195 ಕೆಜಿ ಕಬ್ಬಿಣವನ್ನಲ್ಲ!

ಅನುಭವದ ಮಾತು. ಜೂನ್ ಮಳೆಯಲ್ಲಿ ಚಿಕ್ಕಪ್ಪನ ಮಗನ ಬುಲೆಟ್ ತಗೊಂಡು ಕಲಿಯೋಕೆ ಹೋದೆ. ತೋಟದ ಗೇಟಿನ ಹತ್ರ ಏರು, ಮೇಲೆ ಕೊಳೆತ ಎಲೆ. ಗಾಡಿ ಆಫ್ ಆಯ್ತು, ಇಟ್ಟ ಕಾಲು ಜಾರಿತು, ಇಬ್ರೂ ಮಲಗಿದ್ವಿ. ಲೆಗ್ ಗಾರ್ಡ್ ಇಲ್ದೇ ಇದ್ದಿದ್ರೆ ನನ್ನ ಕಾಲು ಅದರಡಿಯಲ್ಲಿ. ಎತ್ತೋಕೆ ತೋಟದ ಕೆಲಸದವರು ಇಬ್ರು ಬರಬೇಕಾಯ್ತು. ಮುರಿದ ಕ್ಲಚ್ ಲಿವರಿನ ದುಡ್ಡು ಕೊಟ್ಟೆ, ಮೂರು ವಾರ ಕುಂಟಿದೆ.

"ಸಣ್ಣ ಗಾಡಿ ನಿನ್ನ ಭಾರ ಎಳೆಯಲ್ಲ" ಅಂತಾರೆ. ಗೋಣಿಕೊಪ್ಪದ ಸಂತೆಗೆ ಹೋಗಿ ನೋಡಿ: ಗಂಡ, ಹೆಂಡತಿ, ಮಧ್ಯೆ ಮಗು, ಹ್ಯಾಂಡಲ್ಲಿಗೆ ಎರಡು ಚೀಲ. ಅರವತ್ತೈದು ಕೆಜಿಯ ಇಬ್ಬರು ಕೂತ್ರೇ 130 ಆಯ್ತು, ನಾನು ಒಬ್ನೇ ಅದಕ್ಕಿಂತ ಕಮ್ಮಿ! ಹಿಂದಿನ ಸ್ಪ್ರಿಂಗು ಬಿಗಿ ಮಾಡೋಕೆ ಮೆಟ್ಟಿಲು ಇರುತ್ತೆ, ಇಬ್ಬರಿಗೆ ಟೈರಿನ ಗಾಳಿ ಎಷ್ಟು ಅಂತ ಬರೆದಿರುತ್ತೆ. ಇದನ್ನ ಯಾವ ಶೋರೂಮಿನವನೂ ನನಗೆ ತೋರಿಸ್ಲಿಲ್ಲ. ಹೆಲ್ಮೆಟ್ ಬಗ್ಗೆಯಂತೂ ಒಬ್ರೂ ಬಾಯಿ ಬಿಡಲಿಲ್ಲ.

ನಿಜವಾದ ಕಾರಣ ಮಾವನ ಬಾಯಲ್ಲಿ ಬಂತು: "ಸಣ್ಣ ಗಾಡೀಲಿ ಕೂತ್ರೆ ಸರ್ಕಸ್ ಕರಡಿ ಥರ ಕಾಣ್ತೀಯೋ." ಅಷ್ಟೇ! ನಾನು ಹೇಗೆ ಕಾಣ್ತೀನಿ ಅನ್ನೋದಕ್ಕೆ ನನ್ನ ಮೊಣಕಾಲು ಒತ್ತೆ.

ನೂರು ಸಿಸಿ ಗಾಡೀಲಿ ನನ್ನ ಮೊಣಕಾಲು ಹ್ಯಾಂಡಲ್ಲಿಗೆ ತಾಗೋದು ನಿಜ. ಮಾಕುಟ್ಟ ಘಾಟಿ ಹತ್ತೋಕೆ ಬುಲೆಟ್ಟೇ ಸಲೀಸು, ಅದನ್ನೂ ಒಪ್ತೀನಿ. ಅದಕ್ಕೇ ಮಧ್ಯದ್ದು ಹುಡುಕಿದೆ: ಸೆಕೆಂಡ್ ಹ್ಯಾಂಡ್ ಯೂನಿಕಾರ್ನ್ 160, ಸುಮಾರು 140 ಕೆಜಿ. 2019ರ ಏಪ್ರಿಲಿಂದ 125 ಸಿಸಿ ಮೇಲ್ಪಟ್ಟ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯ ಆಗಿದೆಯಲ್ಲ, ಅದರ ನಂತರದ್ದನ್ನೇ ಹುಡುಕಿದ್ದು. ನಮ್ಮೂರ ಮಳೆಗೆ ಅದು ಬೇಕೇ ಬೇಕು.

"ಅಂಕಲ್ ಗಾಡಿ" ಅಂತ ಗೆಳೆಯರು ನಗ್ತಾರೆ. ನಗ್ಲಿ. ನಿನ್ನೆ ಪಾಲಿಬೆಟ್ಟದವರೆಗೆ ಹೋಗಿ ಬಂದೆ, ಅದೇ ಗೇಟಿನ ಏರಲ್ಲಿ ಎರಡು ಸಲ ಆಫ್ ಆಯ್ತು. ಒಬ್ನೇ ಹಿಡಿದು ನಿಲ್ಲಿಸಿದೆ :-)