ಕೂಡಿದರೆ ಕುಗ್ಗುವ ಜೆಲ್

ಸವಣೂರಿನ ವೀಳ್ಯದೆಲೆ ಹಸುರು, ಸುಣ್ಣ ಬಿಳುಪು, ಅಡಕೆ ಕಂದು. ಮೂರೂ ಬಾಯಲ್ಲಿ ಕೂಡಿದಾಗ ಮೂಡುವುದು ಮಾತ್ರ ಕೆಂಪು. ಬೆರಕೆಯ ಗುಣವು ಬೆರೆತ ಪದಾರ್ಥಗಳ ಗುಣಗಳ ಸರಾಸರಿಯಲ್ಲವೆಂಬುದನ್ನು ತಾಂಬೂಲಪ್ರಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಇದೇ ಪಾಠವನ್ನು ಇನ್ನೂ ವಿಚಿತ್ರವಾಗಿ ಹೇಳುವ ವಸ್ತುವೊಂದು ರಸಾಯನಶಾಸ್ತ್ರದಲ್ಲುಂಟು. ಅದರ ಹೆಸರು ಜೆಲ್.

ಬೇಸಿಗೆಯ ಪಾನಕದಲ್ಲಿ ಕಾಮಕಸ್ತೂರಿಯ ಬೀಜಗಳು ನೀರು ಹೀರಿ, ಲೋಳೆಯ ಅಂಗಿ ತೊಟ್ಟಂತೆ ಉಬ್ಬುವುದನ್ನು ವಾಚಕರು ಬಲ್ಲರು. ಆ ಲೋಳೆಯೂ ಒಂದು ಜೆಲ್ಲೇ. ಉದ್ದುದ್ದನೆಯ ಅಣುಸರಪಳಿಗಳು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ಪ್ರಯೋಗಶಾಲೆಯಲ್ಲಿ ಸಿದ್ಧವಾಗುವ ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಜೆಲ್ಲಿಗೆ ಬಿಸಿಲಿನ ಅರಿವೂ ಉಂಟು. ನೀರಿನ ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದು ಉಬ್ಬಿರುವುದು; ಮೇಲೇರಿದರೆ ನೀರನ್ನು ಹೊರದೂಡಿ ಮುದುಡುವುದು. ಸವಣೂರಿನ ಏಪ್ರಿಲ್ ತಿಂಗಳಲ್ಲಿ ಬಟ್ಟಲ ನೀರಿನಲ್ಲಿಟ್ಟ ತುಣುಕು, ಬೆಳಗಿನ ತಂಪಿನಲ್ಲಿ ಮೈದುಂಬಿದ್ದು, ಬಿಸಿಲಿಗೆ ನೀರು ಕಾದೊಡನೆ ಸೊರಗೀತು. ತಂಪಾದರೆ ಮತ್ತೆ ಚೇತರಿಸೀತು.

ಈಗ ಅದನ್ನು ತಂಪಾದ ಶುದ್ಧ ನೀರಿನಲ್ಲಿಟ್ಟರೆ ಉಬ್ಬುವುದು. ಶುದ್ಧ ಮೆಥನಾಲ್ ಎಂಬ ಮದ್ಯಸಾರದಲ್ಲಿಟ್ಟರೂ ಉಬ್ಬುವುದು. ಇವೆರಡನ್ನೂ ಹೆಚ್ಚುಕಡಮೆ ಸಮವಾಗಿ ಬೆರೆಸಿ ಅದರಲ್ಲಿಟ್ಟರೋ, ಮುದುಡಿಕೊಳ್ಳುವುದು! ಒಬ್ಬೊಬ್ಬರಾಗಿ ಬಂದ ಇಬ್ಬರು ಗೆಳೆಯರನ್ನೂ ಆದರಿಸಿದ ಮನೆಯೊಡೆಯ, ಇಬ್ಬರೂ ಕೂಡಿ ಬಂದಾಗ ಕದ ಮುಚ್ಚಿದಂತೆ. ನೀರು, ಮದ್ಯಸಾರಗಳು ತಮ್ಮತಮ್ಮಲ್ಲೇ ಒಲಿದು ಸರಪಳಿಯನ್ನು ಮರೆಯುತ್ತವೆಂದು ಕೆಲವು ವಿಜ್ಞಾನಿಗಳು. ಮದ್ಯಸಾರದ ಅಣುಗಳೇ ಸರಪಳಿಯ ಭಾಗಗಳನ್ನು ಒಂದಕ್ಕೊಂದು ಬೆಸೆಯುತ್ತವೆಂದು ಮತ್ತೆ ಕೆಲವರು. ವಾದ ಇನ್ನೂ ಮುಗಿದಿಲ್ಲ.

ದ್ರಾವಕದ ಬೆರಕೆಗೆ ಜೆಲ್ ಎಷ್ಟು ಸೂಕ್ಷ್ಮವೆಂಬುದನ್ನು 1978ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ವಿಜ್ಞಾನಿ ಟೊಯೊಇಚಿ ತನಾಕ ಲೋಕಕ್ಕೆ ತೋರಿಸಿದರು. ನೀರು, ಅಸಿಟೋನ್‌ಗಳ ಪ್ರಮಾಣ ತುಸುವೇ ಬದಲಾದರೂ ಇನ್ನೊಂದು ಬಗೆಯ ಜೆಲ್ ಹಠಾತ್ತನೆ ಕುಸಿಯುವುದನ್ನು ಅವರು ಕಂಡರು.

ಇದೆಲ್ಲ ಬರಿಯ ವಿನೋದವಲ್ಲ. ಔಷಧವನ್ನು ಒಡಲಲ್ಲಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುವ ಜೆಲ್ ಕಣಗಳನ್ನು ಮಾಡುವವರು, ನೀರಿನಲ್ಲಿ ಕರಗದ ಔಷಧಕ್ಕೆಂದು ಮದ್ಯಸಾರ ಬೆರೆಸುವುದುಂಟು. ಎರಡೂ ಒಳ್ಳೆಯ ದ್ರಾವಕಗಳೇ ಎಂದು ನಂಬಿ ಅಳತೆ ತಪ್ಪಿದರೆ, ಹೀರಬೇಕಾದ ಕಣ ಬಾಯಿ ಮುಚ್ಚೀತು. ರೋಗಿಗೆ ಸಲ್ಲಬೇಕಾದ ಮದ್ದಿನ ಪ್ರಮಾಣವೇ ಏರುಪೇರಾದೀತು.

ಸವಣೂರಿಗೆ ದೂರವಲ್ಲದ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ತೇಜರಾಜ ಅಮ್ಮಿನಭಾವಿ ಮತ್ತು ಅವರ ಶಿಷ್ಯರು ಇಂಥ ಔಷಧವಾಹಕ ಕಣಗಳನ್ನೂ, ಮದ್ಯಸಾರದಿಂದ ನೀರನ್ನು ಬೇರ್ಪಡಿಸುವ ಪಾಲಿಮರ್ ಪೊರೆಗಳನ್ನೂ ದೀರ್ಘಕಾಲ ಅಭ್ಯಾಸ ಮಾಡಿದರು. ಪೊರೆ ಅತಿಯಾಗಿ ಉಬ್ಬಿದರೆ ಬೇಡವಾದುದೂ ನುಸುಳುವುದು. ಉಬ್ಬದಿದ್ದರೆ ಬೇಕಾದುದೂ ಹಾಯದು. ಎಷ್ಟು ಉಬ್ಬಬೇಕೆಂಬುದನ್ನು ಬಿಡಿ ದ್ರಾವಕಗಳ ಗುಣವನ್ನು ಕೂಡಿ ಭಾಗಿಸಿ ಹೇಳಲಾಗದು. ಬೆರಕೆಯನ್ನೇ ಮುಂದಿಟ್ಟುಕೊಂಡು ಅಳೆಯಬೇಕು.